ಸಾಲ ತೀರಿದ ಮೇಲೆ ಮತ್ತೆ ಸಾಲ



ಸಾಲ ತೀರಿಸಿದವನನ್ನು ನಾವು ‘ಋಣಮುಕ್ತನಾದ’ ಎನ್ನುತ್ತೇವೆ. ದೇವಋಣ, ಪಿತೃಋಣಗಳ ಸಾಲಿನಲ್ಲೇ ಹಣದ ಸಾಲವನ್ನೂ ಇಟ್ಟ ಮಾತು ಇದು. ಆದ್ದರಿಂದಲೇ ಅಂಥವನು ಮತ್ತೆ ಕೈಯೊಡ್ಡಿದರೆ ‘ಇನ್ನೂ ಬುದ್ಧಿ ಬರಲಿಲ್ಲ’ ಎಂದು ಊರು ಆಡಿಕೊಳ್ಳುತ್ತದೆ. ಇದು ನ್ಯಾಯವೇ?

1976ರಲ್ಲಿ ದೇವರಾಜ ಅರಸು ಅವರ ಸರ್ಕಾರ ಋಣಪರಿಹಾರ ಕಾಯ್ದೆ ತಂದಿತು. ಸಣ್ಣ ರೈತರು, ಭೂಹೀನ ಕೃಷಿಕಾರ್ಮಿಕರು, ದುರ್ಬಲ ವರ್ಗದವರು ಲೇವಾದೇವಿಗಾರರಿಗೆ ಕೊಡಬೇಕಿದ್ದ ಸಾಲ ರದ್ದಾಯಿತು. ಗಿರವಿ ಇಟ್ಟ ವಸ್ತುಗಳನ್ನು ಮರಳಿಸಬೇಕೆಂದಾಯಿತು. ಆದರೆ ಮುಂದಿನ ಮುಂಗಾರಿಗೆ ಬೀಜ, ಗೊಬ್ಬರ ಬೇಕೇ ಬೇಕಲ್ಲ! 2018ರಲ್ಲಿ ಅಂಥದೇ ಕಾಯ್ದೆಯನ್ನು ಮತ್ತೆ ರೂಪಿಸಿ, 2019ರಲ್ಲಿ ಜಾರಿಗೆ ತರಬೇಕಾಯಿತು.

ಹಾಗಾದರೆ ಕೇಳಬೇಕಾದ ಪ್ರಶ್ನೆಯೇ ಬೇರೆ: ಕಂತು ಕಟ್ಟುವ ದಿನಕ್ಕೆ ಕೈಯಲ್ಲಿ ಕಾಸಿರುತ್ತದೆಯೇ? ಗುಬ್ಬಿಯ ತೆಂಗಿನ ತೋಟದಲ್ಲಿ ವರ್ಷಕ್ಕೆ ಹಲವು ಸಲ ಕಾಯಿ ಇಳಿಸುತ್ತಾರೆ. ತುಮಕೂರಿನ ತರಕಾರಿ ಗಾಡಿಯವನಿಗೆ ದಿನವೂ ವ್ಯಾಪಾರ. ಕುಣಿಗಲ್ ಕಡೆಯ ಖುಷ್ಕಿ ಹೊಲದಲ್ಲಿ ರಾಗಿ ಬರುವುದು ವರ್ಷಕ್ಕೊಮ್ಮೆ. ಆ ಮನೆಯವರು ವಾರದ ಕಂತಿನ ಸಾಲ ತಂದರೆ, ಕಂತಿಗಾಗಿಯೇ ಇನ್ನೊಂದು ಸಾಲ ಹುಡುಕಬೇಕು.

ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ಕಾನೂನು ಬಂದಿದೆ; ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೂ ಸೆರೆವಾಸವಿದೆ. ಬಾಗಿಲಲ್ಲಿ ನಿಂತು ಗದರಿಸುವವನನ್ನು ಅದು ತಡೆದೀತು. ಕಂತಿನ ಲೆಕ್ಕವನ್ನು ಮಾತ್ರ ಮನೆಯವರೇ ಹಾಕಬೇಕು.

ಬೆಳೆ ಬಂದಾಗ ತೀರುವ ಸಾಲಕ್ಕೆ ಯಾರೂ ನಾಚಬೇಕಾಗಿಲ್ಲ. ನೆರೆಯವರು ಮತ್ತೆ ಸಾಲಕ್ಕೆ ಹೊರಟರೆ ಆಡಿಕೊಳ್ಳುವ ಬದಲು, ಬಡ್ಡಿ ಎಷ್ಟು, ಕಂತು ಯಾವಾಗ ಎಂದು ವಿಚಾರಿಸೋಣ.