ಒಂದೇ ಅಚ್ಚಿನ ಹಂಚು, ಊರೆಲ್ಲ ಸೋರಿಕೆ

ಕಾರ್ಕಳದಿಂದ ಮಣಿಪಾಲಕ್ಕೆ ಬಸ್ಸಲ್ಲಿ ಹೋಗ್ತಾ ಇದನ್ನು ಕೇಳ್ತಾ ಇದ್ದೀರಾ? ಹಾಗಾದ್ರೆ ಒಂದು ಪ್ರಶ್ನೆ. ಫೋನಿನಲ್ಲಿ ಅಪ್‌ಡೇಟ್ ಬಂದಿದೆ ಅಂತ ತೋರಿಸಿದಾಗ ಎಷ್ಟು ಸಲ 'ಆಮೇಲೆ' ಅಂತ ಒತ್ತಿದ್ದೀರಿ? ನಾನೂ ಒತ್ತಿದ್ದೇನೆ ಮಾರಾಯ್ರೆ. ಇವತ್ತು ಆ 'ಆಮೇಲೆ'ಯ ಬಗ್ಗೆಯೇ ಮಾತು.

2023ರ ಸೆಪ್ಟೆಂಬರ್ 6. ಆಪಲ್‌ನ ಭದ್ರತಾ ತಂಡ ಮತ್ತು ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್‌ನವರು ಗೂಗಲ್‌ಗೆ ಒಂದು ದೋಷ ತಿಳಿಸಿದರು. ಅದು ಇದ್ದದ್ದು ಲಿಬ್‌ವೆಬ್‌ಪಿ ಎಂಬ ಸಣ್ಣ ಸಾಫ್ಟ್‌ವೇರ್ ತುಣುಕಿನಲ್ಲಿ. ವೆಬ್‌ಪಿ ಮಾದರಿಯ ಚಿತ್ರಗಳನ್ನು ಬಿಡಿಸಿ ಪರದೆಗೆ ತರುವುದು ಅದರ ಕೆಲಸ. ನಾವು ವಾಟ್ಸಾಪ್‌ನಲ್ಲಿ ಕಳಿಸುವ ಸ್ಟಿಕರ್ ಕೂಡ ಇದೇ ಮಾದರಿಯದ್ದು. ಬೇಕಂತಲೇ ಕೆಡಿಸಿದ ಒಂದು ಚಿತ್ರ ಕೊಟ್ಟರೆ ಈ ತುಣುಕು ಮೆಮೊರಿಯಲ್ಲಿ ತನಗೆ ಕೊಟ್ಟ ಜಾಗ ದಾಟಿ ಬರೆದುಬಿಡುತ್ತಿತ್ತು. ಅಲ್ಲಿಂದ ಕಳ್ಳನಿಗೆ ದಾರಿ. ಆ ದಾರಿಯನ್ನು ಅಷ್ಟರಲ್ಲಾಗಲೇ ಯಾರೋ ಬಳಸುತ್ತಿದ್ದರು.

ನಮ್ಮ ಕಡೆಯ ಹಂಚಿನ ಮನೆಗಳನ್ನೇ ನೋಡಿ. ಕಾಪುವಿನ ಮನೆ ಬೇರೆ, ಉಡುಪಿಯ ಮನೆ ಬೇರೆ. ಆದರೆ ಮಾಡಿನ ಮೇಲೆ ಒಂದೇ ಕಾರ್ಖಾನೆಯ ಹಂಚು. ಅಚ್ಚಲ್ಲೇ ಬಿರುಕಿದ್ದರೆ ಎಲ್ಲ ಮನೆಯೂ ಸೋರುತ್ತದೆ. ಲಿಬ್‌ವೆಬ್‌ಪಿ ಅಂಥ ಹಂಚು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಎಲ್ಲದರ ಮೇಲೂ ಅದೇ.

ಸೆಪ್ಟೆಂಬರ್ 11ಕ್ಕೆ ಕ್ರೋಮ್, 12ಕ್ಕೆ ಫೈರ್‌ಫಾಕ್ಸ್ ಸರಿಯಾಯಿತು. ಆದರೆ ಮೊದಲಿಗೆ ಇದು ಕ್ರೋಮ್‌ನ ದೋಷ ಅಂತ ಮಾತ್ರ ದಾಖಲಾಗಿತ್ತು. ಸೋರುತ್ತಿರುವುದು ತಮ್ಮ ಮಾಡೂ ಹೌದು ಅಂತ ಉಳಿದ ಆ್ಯಪ್‌ನವರಿಗೆ ಅದನ್ನು ಓದಿ ಗೊತ್ತಾಗುವ ಹಾಗಿರಲಿಲ್ಲ. ಆಂಡ್ರಾಯ್ಡ್‌ನ ಭದ್ರತಾ ಪ್ರಕಟಣೆಯಲ್ಲಿ ಇದು ಬಂದದ್ದು ಅಕ್ಟೋಬರ್‌ನಲ್ಲಿ.

ಇಲ್ಲಿವರೆಗಿನದು ಅವರ ಕೆಲಸ. ಹೊಸ ಹಂಚು ಕಾರ್ಖಾನೆಯಿಂದ ಬರುತ್ತದೆ, ಮಾಡು ಹತ್ತಬೇಕಾದವರು ನಾವು.

ಮೊನ್ನೆ ಕಾಪುವಿಗೆ ಹೋದಾಗ ಅಮ್ಮನ ಫೋನ್ ತೆಗೆದು ನೋಡಿದೆ. ಭದ್ರತಾ ಅಪ್‌ಡೇಟ್‌ನ ದಿನಾಂಕ ಎರಡು ವರ್ಷ ಹಿಂದಿನದ್ದು! ಅದೇ ಫೋನಲ್ಲಿ ಬ್ಯಾಂಕ್ ಆ್ಯಪ್, ಯುಪಿಐ, ಎಲ್ಲವೂ. ಕಂಪನಿಯಿಂದ ಆ ಮಾಡೆಲ್‌ಗೆ ಇನ್ನು ಅಪ್‌ಡೇಟ್ ಇಲ್ಲ. ಪ್ಲೇ ಸ್ಟೋರ್‌ನಿಂದ ಕ್ರೋಮ್ ಮತ್ತು ಉಳಿದ ಆ್ಯಪ್‌ಗಳನ್ನಾದರೂ ಹೊಸದು ಮಾಡಿದೆ. ಹಣದ ಆ್ಯಪ್‌ಗಳನ್ನು ಬೇರೆ ಫೋನಿಗೆ ಬದಲಾಯಿಸಿದೆ.

ನೀವೂ ಇವತ್ತು ರಾತ್ರಿ ಇಷ್ಟು ಮಾಡಿ. ಸೆಟ್ಟಿಂಗ್ಸ್‌ಗೆ ಹೋಗಿ ಭದ್ರತಾ ಅಪ್‌ಡೇಟ್‌ನ ದಿನಾಂಕ ನೋಡಿ. ಪ್ಲೇ ಸ್ಟೋರ್‌ನಲ್ಲಿ ಎಲ್ಲ ಆ್ಯಪ್ ಅಪ್‌ಡೇಟ್ ಮಾಡಿ. ವಾಟ್ಸಾಪ್‌ನಲ್ಲಿ 'ಅಪ್‌ಡೇಟ್ ಮಾಡಿ' ಅಂತ ಬರುವ ಲಿಂಕ್ ಮಾತ್ರ ಮುಟ್ಟಬೇಡಿ. ಆಮೇಲೆ ಮನೆಯ ಹಿರಿಯರ ಫೋನ್ ಕೇಳಿ ತಗೊಳ್ಳಿ. ಅವರ ಮಾಡು ಹತ್ತೋದಕ್ಕೆ ನೀವೇ ಆಗಬೇಕು. ಜಡಿಮಳೆ ಶುರುವಾದ ಮೇಲೆ ಹಂಚು ಬದಲಿಸುವ ಕಷ್ಟ ನಮ್ಮ ಊರಿನವರಿಗೆ ಹೇಳಿಕೊಡಬೇಕಾ? ಮತ್ತೆ ಸಿಗೋಣ.