ಅಂಕಿತವೂ ಅಂತರ್ಜಾಲವೂ
(ಕಾಸರಗೋಡಿನಲ್ಲಿ ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಸಂಘದವರು ನಮಗೆ ವಹಿಸಿದ ವಿಷಯವು ‘ಅಂತರ್ಜಾಲದಲ್ಲಿ ಹೆಸರು ಗಳಿಸುವ ಬಗೆ’ ಎಂಬುದು. ಇದನ್ನು ಕೇಳಿದೊಡನೆ ಹಿರಿಯರಲ್ಲಿ ಕೆಲವರು ಮುಗುಳ್ನಕ್ಕಿರಬಹುದು. ಆತ್ಮಪ್ರಶಂಸೆಯನ್ನು ದೋಷವೆಂದೆಣಿಸುವ ಮನೆಗಳಲ್ಲಿ ಬೆಳೆದವರಲ್ಲವೆ ನಾವು? ಪ್ರತಿಯೊಬ್ಬ ಮನುಷ್ಯನೂ ತನ್ನನ್ನೇ ಒಂದು ‘ಬ್ರ್ಯಾಂಡ್’ ಆಗಿ ಬೆಳೆಸಿಕೊಳ್ಳಬೇಕೆಂದು ಅಮೆರಿಕದ ಟಾಮ್ ಪೀಟರ್ಸ್ ಎಂಬ ಲೇಖಕರು 1997ರಲ್ಲಿ ‘ಫಾಸ್ಟ್ ಕಂಪನಿ’ ಪತ್ರಿಕೆಯಲ್ಲಿ ಬರೆದರು. ಆ ಮಾತು ಇಂದು ನಮ್ಮ ಮಕ್ಕಳ ಬಾಯಲ್ಲೂ ಇದೆ. ಮನುಷ್ಯನನ್ನು ಸರಕಾಗಿಸುವ ಈ ಹೋಲಿಕೆ ನಮಗೆ ರುಚಿಸದು.

ಆದರೆ ಕೃತಿಯ ಮೇಲೆ ಗುರುತಿರಬೇಕೆಂಬುದು ಕನ್ನಡಕ್ಕೆ ಹೊಸತೇನಲ್ಲ. ‘ಕೂಡಲಸಂಗಮದೇವ’ ಎಂದೊಡನೆ ಬಸವಣ್ಣನವರನ್ನೂ, ‘ಚೆನ್ನಮಲ್ಲಿಕಾರ್ಜುನ’ ಎಂದೊಡನೆ ಅಕ್ಕಮಹಾದೇವಿಯನ್ನೂ ಎಂಟು ಶತಮಾನಗಳ ಬಳಿಕವೂ ಗುರುತಿಸುತ್ತೇವೆ. ದಾಸರ ಪದಗಳ ಮುದ್ರಿಕೆಯೂ ಅಂಥದೇ. ಆ ಅಂಕಿತದಲ್ಲಿದ್ದುದು ತಮ್ಮ ಹೆಸರಲ್ಲ, ದೈವದ ಹೆಸರು. ಹಾಗಿದ್ದೂ ಒಬ್ಬರ ವಚನ ಮತ್ತೊಬ್ಬರ ಪಾಲಾಗದಂತೆ ಅದು ಕಾಯಿತು. ಗಡಿನಾಡಿನ ನಮಗೆ ಇಂದು ಬೇಕಾದುದು ಈ ಕಾವಲು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಹೆಸರುಗಳು ಕನ್ನಡ, ಮಲಯಾಳ, ಇಂಗ್ಲಿಷು ಎಂಬ ಮೂರು ಲಿಪಿಗಳ ನಡುವೆ ಬಾಳುತ್ತಿವೆ. ಒಂದು ಕಡೆ ಮನೆತನದ ಮೊದಲಕ್ಷರ ಹೆಸರಿನ ಮುಂದೆ, ಇನ್ನೊಂದು ಕಡೆ ಹೆಸರಿನ ಕೊನೆಗೆ. ‘ಭಟ್ಟ’ ಒಂದೆಡೆ, ‘ಭಟ್’ ಇನ್ನೊಂದೆಡೆ. ಕಯ್ಯಾರ ಕಿಞ್ಞಣ್ಣ ರೈಗಳ ಹೆಸರನ್ನೇ ನೋಡಿರಿ. ಕನ್ನಡದಲ್ಲಿ ಅದನ್ನು ತಪ್ಪಿಲ್ಲದೆ ಬರೆಯಲು ಅಕ್ಷರವಿದೆ. ಇಂಗ್ಲಿಷಿನಲ್ಲಿ ಬರೆದವರು ಬರೆದಂತೆ. ಊರಿನವನು ನೋಡಿದೊಡನೆ ಒಬ್ಬನೇ ಎಂದು ಬಲ್ಲ. ಯಂತ್ರ ಮಾತ್ರ ಅಕ್ಷರ ಬದಲಾದರೆ ಆಳೇ ಬದಲಾದನೆಂದು ಬಗೆದೀತು. ಒಬ್ಬ ಲೇಖಕನ ಬರಹ ನಾಲ್ಕು ಜನರಲ್ಲಿ ಹಂಚಿಹೋದೀತು.

ಯಕ್ಷಗಾನ ಕಲಾವಿದರ ಪಾಡು ಇದಕ್ಕಿಂತ ಕಷ್ಟದ್ದು. ಕುಂಬಳೆಯ ಪಾರ್ತಿಸುಬ್ಬನ ನಾಡಿದು. ಇಲ್ಲಿಯ ಆಟಗಳನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಏರಿಸುತ್ತಾರೆ, ಲೋಕವೆಲ್ಲ ನೋಡುತ್ತದೆ. ಒಳ್ಳೆಯದೇ. ಆದರೆ ಅಂಥ ಎಷ್ಟೋ ತುಣುಕುಗಳ ಕೆಳಗೆ ಭಾಗವತರ ಹೆಸರಿಲ್ಲ, ಮದ್ದಳೆ ಚೆಂಡೆಯವರ ಹೆಸರಿಲ್ಲ, ವೇಷಧಾರಿಯ ಹೆಸರಿಲ್ಲ; ಏರಿಸಿದವರ ಹೆಸರು ಮಾತ್ರ ದಪ್ಪಕ್ಷರದಲ್ಲಿದೆ. ಇರುಳಿಡೀ ಕುಣಿದವನು ಅನಾಮಧೇಯನಾಗಿ, ಮುಂದಿನ ಸಾಲಿನಲ್ಲಿ ಕುಳಿತು ಮೊಬೈಲು ಹಿಡಿದವನು ಪ್ರಸಿದ್ಧನಾಗುವುದು ನ್ಯಾಯವೆ? ದೂರದ ಊರಿನವರು ಕಲಾವಿದನನ್ನು ಆಟಕ್ಕೆ ಕರೆಯಬೇಕೆಂದರೂ ಯಾರನ್ನು ಕರೆಯಬೇಕು? ಇದು ಕೀರ್ತಿಯೊಂದರ ಮಾತಲ್ಲ, ಅನ್ನದ ಮಾತೂ ಹೌದು. ಹೆಸರು ಹಾಕಿರೆಂದು ಕೇಳಲು ಕಲಾವಿದರು ನಾಚಬೇಕಾಗಿಲ್ಲ.

ಬರಹಗಾರರಿಗೆ ಬೇರೊಂದು ತೊಡಕುಂಟು. ಕವಿತೆಯನ್ನು ಚಿತ್ರವಾಗಿಸಿ ವಾಟ್ಸಾಪಿನಲ್ಲಿ ಹಂಚಿದರೆ ನೂರು ಜನ ಮೆಚ್ಚಬಹುದು; ಹುಡುಕುವವನಿಗೆ ಮಾತ್ರ ಅದು ಸುಲಭವಾಗಿ ಸಿಗದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಅಚ್ಚಿಗಾಗಿ ಕೂಡಿಸಿದ ಲೇಖನಗಳೂ ಹಾಗೆಯೇ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ಥಾನವಿದೆ. ಅದಕ್ಕೆ ಪರಿವರ್ತಿಸಿದ ಬರಹವೇ ಜಾಲದಲ್ಲಿ ಕನ್ನಡವಾಗಿ ಉಳಿಯುವುದು.

ವಿಕಿಪೀಡಿಯದ ಮಾತನ್ನು ಯುವಕರು ಮೇಲಿಂದ ಮೇಲೆ ಎತ್ತುತ್ತಾರೆ. ಕನ್ನಡ ವಿಕಿಪೀಡಿಯ 2003ರ ಜೂನಿನಲ್ಲಿ ಆರಂಭವಾಯಿತು. ತನ್ನ ಪುಟವನ್ನು ತಾನೇ ಬರೆದುಕೊಳ್ಳುವುದನ್ನು ಅಲ್ಲಿ ಮೆಚ್ಚುವುದಿಲ್ಲ; ಬೇರೆಯವರು ಪ್ರಕಟಿಸಿದ ಆಧಾರ ಬೇಕೆನ್ನುತ್ತಾರೆ. ಈ ಕಟ್ಟಳೆ ನಮ್ಮ ಅಜ್ಜಂದಿರಿಗೂ ಒಪ್ಪಿಗೆಯಾಗುತ್ತಿತ್ತು! ಮಂಜೇಶ್ವರದ ಗೋವಿಂದ ಪೈಗಳಂಥವರ ವಿಷಯದಲ್ಲಿ ಆಧಾರಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಹಳ್ಳಿಯ ಅಧ್ಯಾಪಕರ, ಮೇಳದ ಹಿರಿಯ ಕಲಾವಿದರ ವಿಷಯದಲ್ಲಿ. ಅವರನ್ನು ಕುರಿತು ನಾವು ಬರೆದು ಪ್ರಕಟಿಸದಿದ್ದರೆ ಇನ್ನಾರು ಬರೆದಾರು?

ಬೇರೆಯವರ ಜಗಲಿಯಲ್ಲಿಯೇ ಸಂಸಾರ ಹೂಡುವವರಿಗೆ ಒಂದು ಮಾತು. ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ನಿಂತಿತು. ಟಿಕ್‌ಟಾಕನ್ನು 2020ರ ಜೂನಿನಲ್ಲಿ ಭಾರತ ಸರಕಾರ ನಿಷೇಧಿಸಿತು. ಅಲ್ಲಿ ಹೆಸರು ಕಟ್ಟಿಕೊಂಡವರು ಮತ್ತೆ ಬೇರೆಡೆ ಮೊದಲಿನಿಂದ ಆರಂಭಿಸಬೇಕಾಯಿತು. ಬರೆದುದರ, ಹಾಡಿದುದರ ಒಂದು ಪ್ರತಿ ಮನೆಯಲ್ಲಿರಲಿ.

ಸಂಘದ ಕಾರ್ಯದರ್ಶಿಗಳಲ್ಲಿ ನಮ್ಮದೊಂದು ಬಿನ್ನಹ. ಈ ಸೀಮೆಯ ಬರಹಗಾರರ, ಕಲಾವಿದರ, ಅಧ್ಯಾಪಕರ ಪಟ್ಟಿಯೊಂದನ್ನು ಸಿದ್ಧಪಡಿಸಿರಿ. ಪ್ರತಿಯೊಬ್ಬರ ಹೆಸರು ಅವರು ಒಪ್ಪಿದ ಕನ್ನಡ ರೂಪದಲ್ಲಿಯೂ ಅವರೇ ಆರಿಸಿದ ಒಂದೇ ಇಂಗ್ಲಿಷ್ ರೂಪದಲ್ಲಿಯೂ ಇರಲಿ. ಊರಿನ ಹೆಸರು ಕನ್ನಡಿಗರು ಕರೆಯುವಂತೆಯೇ ಇರಲಿ. ಎಂಬತ್ತು ದಾಟಿದವರ ಮನೆಗೆ ಮೊದಲು ಹೋಗಿರಿ. ಮಳೆಗಾಲ ಹಿಡಿಯುವುದರೊಳಗೆ ಆ ಕೆಲಸವಾದರೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಬಹುದು.