ಬೇಸಿಗೆ ರಜೆ ಮತ್ತು ನಮ್ಮ ಕೇರಿಯ ಮಕ್ಕಳು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ಪರೀಕ್ಷೆ ಮುಗೀತಾ ಬಂತು. ಇನ್ನು ಹಾಸ್ಟೆಲ್ಲಿಗೆ ಬೀಗ ಬೀಳುತ್ತೆ. ನಾವು ಗಂಟುಮೂಟೆ ಹೊತ್ತು ಊರಿಗೆ ಹೋಗ್ತೀವಿ. ಊರಿಗೆ ಅಂದರೆ ಊರೊಳಕ್ಕಲ್ಲ, ಊರಾಚೆಯ ಕೇರಿಗೆ. ಅಲ್ಲಿ ನಮ್ಮ ತಮ್ಮ ತಂಗಿಯರಿಗೂ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಎಂಥ ರಜೆ?

ಪೇಟೆಯ ಉಳ್ಳವರ ಮಕ್ಕಳಿಗೆ ರಜೆ ಅಂದರೆ ಈಜು, ಸಂಗೀತ, ಅಜ್ಜಿ ಮನೆ. ನಮ್ಮ ಮಕ್ಕಳಿಗೆ ದನ ಕಾಯೋದು, ಇಟ್ಟಿಗೆ ಗೂಡು, ಅವ್ವ ಕೂಲಿಗೆ ಹೋದಾಗ ಕೂಸು ಎತ್ತಿಕೊಳ್ಳೋದು. ಶಾಲೆ ಮತ್ತೆ ತೆರೆಯೋ ಹೊತ್ತಿಗೆ, ತಡವರಿಸಿಯಾದರೂ ಓದುತ್ತಿದ್ದ ಹುಡುಗ ಒತ್ತಕ್ಷರ ಮರೆತಿರುತ್ತಾನೆ. ಆಗ 'ಇವರಿಗೆ ವಿದ್ಯೆ ಹತ್ತೋದಿಲ್ಲ' ಅಂತಾರೆ. ವಿದ್ಯೆ ಹತ್ತದೆ ಹೋದದ್ದಲ್ಲ ಸ್ವಾಮಿ, ಒಂದೂವರೆ ತಿಂಗಳು ಆ ಕೈಗೆ ಒಂದು ಪುಸ್ತಕವೂ ಸಿಗಲಿಲ್ಲ.

ಬಾಬಾಸಾಹೇಬರು ಹುಡುಗರಾಗಿದ್ದಾಗ ಅವರ ಸಂಸಾರ ಇದ್ದದ್ದು ಮುಂಬಯಿಯ ಪರೇಲಿನ ಚಾಳಿನಲ್ಲಿ, ಒಂದೇ ಕೋಣೆಯಲ್ಲಿ. ಓದಲು ಜಾಗವಿಲ್ಲದೆ ಚರ್ನಿ ರೋಡಿನ ತೋಟಕ್ಕೆ ಹೋಗಿ ಕೂರುತ್ತಿದ್ದರು. ಅಲ್ಲಿಗೆ ಬರುತ್ತಿದ್ದ ಕೆಳುಸ್ಕರ್ ಎಂಬ ಮೇಷ್ಟ್ರು, ಈ ಹುಡುಗ ಯಾರು ಅಂತ ವಿಚಾರಿಸಿದರು, ಪುಸ್ತಕ ಕೊಟ್ಟರು. ಪರೀಕ್ಷೆ ಪಾಸಾದಾಗ ತಾವೇ ಬರೆದಿದ್ದ ಬುದ್ಧನ ಚರಿತ್ರೆಯನ್ನು ಕೈಗಿತ್ತರು. ಆ ಪುಸ್ತಕ 1956ರಲ್ಲಿ ಎಲ್ಲಿಗೆ ಮುಟ್ಟಿತು ಅನ್ನೋದು ನಿಮಗೆ ಗೊತ್ತು. ಮಗುವಿನ ಕೈಗೆ ಪುಸ್ತಕ ಕೊಡೋದು ಸಣ್ಣ ಕೆಲಸ ಅಂತ ಯಾರೂ ತಿಳೀಬೇಡಿ.

ಪುಸ್ತಕ ಎಲ್ಲಿಂದ ತರೋದು ಅಂತೀರಾ? ಪುಸ್ತಕ ಇದೆ. 1965ರಲ್ಲೇ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಆಯಿತು. ಮನೆ ಕಂದಾಯದ ರಸೀತಿ ನೋಡಿ, ಗ್ರಂಥಾಲಯ ಕರ ಅಂತ ಇರುತ್ತೆ. ಅಂದರೆ ಕೇರಿಯ ನಮ್ಮಪ್ಪನ ಕೂಲಿ ಕಾಸೂ ಆ ಕಪಾಟಿನಲ್ಲಿದೆ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ, ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಬಂತು. ಈಗ ಅವಕ್ಕೆ ಅರಿವು ಕೇಂದ್ರ ಅಂತ ಹೆಸರು. ಎಷ್ಟೋ ಕಡೆ ಬೇಸಿಗೆ ಶಿಬಿರವೂ ನಡೆಯುತ್ತೆ.

ಹಾಗಾದರೆ ನಮ್ಮ ಮಕ್ಕಳು ಯಾಕೆ ಹೋಗೋದಿಲ್ಲ? ನಾವೂ ಚಿಕ್ಕವರಿದ್ದಾಗ ಗ್ರಂಥಾಲಯದ ಮೆಟ್ಟಿಲ ಹತ್ತಿರ ನಿಂತು ವಾಪಸ್ ಬಂದವರೇ. ಯಾರೂ ಬೈಯಲಿಲ್ಲ. ಒಳಗೆ ಕೂತವರು ಪೇಪರಿನಿಂದ ತಲೆ ಎತ್ತಿ ನೋಡಿದರು, ಅಷ್ಟೆ. ಆ ನೋಟವೇ ಸಾಕಾಯಿತು.

ಸಾರ್ವಜನಿಕ ಹಣದ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ 1923ರಲ್ಲೇ ಮುಂಬಯಿ ಶಾಸನ ಸಭೆ ನಿರ್ಣಯ ಮಾಡಿತ್ತು. ಕಾಗದದಲ್ಲಿ ಬಾಗಿಲು ತೆರೆದಿತ್ತು, ನೀರು ಮುಟ್ಟೋಕೆ ಆಗಿರಲಿಲ್ಲ. 1927ರ ಮಾರ್ಚ್ 20ರಂದು ಮಹಾಡಿನಲ್ಲಿ ಸಾವಿರಾರು ಜನ ಜೊತೆಯಾಗಿ ಕೆರೆಗೆ ಇಳಿಯಬೇಕಾಯಿತು. ಗ್ರಂಥಾಲಯವೂ ಕೆರೆಯೇ. ಮಗು ಒಂಟಿಯಾಗಿ ಹೋದರೆ ಹೆದರುತ್ತೆ. ಜೊತೆಗೆ ನಾವು ಹೋಗಬೇಕು.

ಆದರೆ ನಾವೇನು ಮಾಡ್ತಾ ಇದ್ದೀವಿ? ಏಪ್ರಿಲ್ 14ಕ್ಕೆ ಫೋಟೋಗೆ ಹಾರ ಹಾಕ್ತೀವಿ, 15ನೇ ತಾರೀಖು ಮೊಬೈಲ್ ಹಿಡಿದು ಮಲಗ್ತೀವಿ. ಈ ಸಲ 15ನೇ ತಾರೀಖಿನಿಂದಲೇ ಕೆಲಸ ಶುರು ಮಾಡೋಣ.

1. ಒಬ್ಬೊಬ್ಬರು ಹತ್ತು ಮಕ್ಕಳನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ, ನಿಂತು, ಸದಸ್ಯರನ್ನಾಗಿ ಮಾಡಿಸೋಣ.

2. ಬಾಗಿಲು ತೆರೆಯೋ ಹೊತ್ತು ತಿಳಿದುಕೊಳ್ಳೋಣ. ಮುಚ್ಚಿದ್ದರೆ ಪಂಚಾಯತಿಯಲ್ಲಿ ಬರಹದಲ್ಲಿ ಕೇಳೋಣ.

3. ಕೂಲಿಗೆ ಹೋಗೋ ಮಕ್ಕಳಿಗೆ ಸಂಜೆ ಕೇರಿಯಲ್ಲೇ, ಬೀದಿ ದೀಪದ ಕೆಳಗೆ ಓದಿ ಹೇಳೋಣ.

4. ಕೂಸು ಎತ್ತಿಕೊಂಡ ಹುಡುಗಿಯನ್ನು ಬಿಡಬಾರದು. ಕೂಸೂ ಬರಲಿ.

5. ಪಾಠ ಒಪ್ಪಿಸು ಅಂತ ಗದರಿಸಬಾರದು. ಕತೆಯೋ ಚಿತ್ರವೋ, ಮಗು ತನಗೆ ಬೇಕಾದ್ದನ್ನ ತಾನೇ ತೆಗೆದುಕೊಳ್ಳಲಿ. ಓದಿದ್ದನ್ನ ಮನೆಯಲ್ಲಿ ಅವ್ವನಿಗೆ ಹೇಳಲಿ.

ಇದಕ್ಕೆ ಚಂದಾ ಬೇಡ, ಮೈಕು ಬೇಡ, ಮುಖ್ಯ ಅತಿಥಿ ಬೇಡ. ನಮ್ಮನ್ನ ಓದಿಸೋಕೆ ಯಾರೋ ಅರೆಹೊಟ್ಟೆ ಉಂಡಿದ್ದಾರೆ. ಆ ಸಾಲ ಹೀಗೆ ತೀರಿಸೋಣ.

ರಜೆ ಮುಗಿಸಿ ಬಂದಾಗ ಯಾವ ಸಿನಿಮಾ ನೋಡಿದೆ ಅಂತ ನಾವು ಒಬ್ಬರನ್ನೊಬ್ಬರು ಕೇಳೋದು ಬೇಡ. ನಿನ್ನ ಕೇರಿಯ ಎಷ್ಟು ಮಕ್ಕಳು ಮೆಟ್ಟಿಲು ಹತ್ತಿದರು ಅಂತ ಕೇಳೋಣ.

ಜೈ ಭೀಮ್.